ಮಗುವಿನೊಂದಿಗೆ ಬೆಳೆಯುವ ಕಾರ್ ಸೀಟ್: ಕೊಳ್ಳುವ ಮುನ್ನ ಅಳೆಯಬೇಕಾದದ್ದು, ಕೊಂಡ ಮೇಲೆ ಬದಲಿಸಬೇಕಾದದ್ದು

ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಕಾರ್ ಪ್ರಯಾಣ ಆಸ್ಪತ್ರೆಯಿಂದ ತಾಯಿಯ ತವರಿಗೆ ನಡೆಯುತ್ತದೆ. ಎರಡನೆಯದು ಬಾಣಂತನ ಮುಗಿಸಿಕೊಂಡು ತಂದೆಯ ಮನೆಗೆ ಬರುವಾಗ. ಎರಡರಲ್ಲೂ ಮಗು ಇರುವುದು ಅಜ್ಜಿಯ ಅಥವಾ ತಾಯಿಯ ಮಡಿಲಿನಲ್ಲಿ. ಮಡಿಲಿಗಿಂತ ಭದ್ರವಾದ ಜಾಗ ಮಗುವಿಗೆ ಇಲ್ಲವೆಂಬ ಮಾತು ಮನೆಯೊಳಗೆ ನಿಜ, ಓಡುವ ಕಾರಿನಲ್ಲಿ ನಿಜವಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹದಿನಾಲ್ಕರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ನಿಂತುಬಿಟ್ಟರೆ, 10 ಕಿಲೋ ತೂಕದ ಮಗುವನ್ನು ಇದ್ದಲ್ಲೇ ಹಿಡಿದಿಡಲು ಸುಮಾರು 200 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕಾಗುತ್ತದೆ. ಎಷ್ಟೇ ಪ್ರೀತಿಯಿಂದ ಅಪ್ಪಿಕೊಂಡಿದ್ದರೂ ಆ ಬಲ ಯಾರ ತೋಳಿನಲ್ಲೂ ಇಲ್ಲ.

ಮೈಸೂರು–ಬೆಂಗಳೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಭಾಗದ ಮಕ್ಕಳು ಗಂಟೆಗೆ 100 ಕಿಲೋಮೀಟರ್ ವೇಗದ ಪ್ರಯಾಣವನ್ನು ತೀರ ಎಳೆಯ ವಯಸ್ಸಿನಲ್ಲೇ ಮಾಡುತ್ತಿದ್ದಾರೆ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ಹೆದ್ದಾರಿಯಿಂದ ಇಳಿದರೂ ಅಪಾಯ ತಪ್ಪಿತೆಂದಲ್ಲ. ಕಬ್ಬಿನ ಕಟಾವಿನ ಕಾಲದಲ್ಲಿ ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆಯ ರಸ್ತೆಗಳಲ್ಲಿ, ಹಿಂಬದಿ ದೀಪವಿಲ್ಲದೆ ಕಬ್ಬು ತುಂಬಿ ಸಾಗುವ ಟ್ರ್ಯಾಕ್ಟರ್ ಕತ್ತಲಲ್ಲಿ ಎದುರಾದಾಗ ಬ್ರೇಕ್ ಒತ್ತಬೇಕಾಗುವ ಬಗೆ ಇಲ್ಲಿ ಕಾರು ಓಡಿಸುವ ಎಲ್ಲರಿಗೂ ಗೊತ್ತು. ಕಾನೂನು ಕೂಡ ಸ್ಪಷ್ಟವಾಗಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್‌ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟ್ ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ದಂಡದ ಭಯಕ್ಕಾಗಿ ಸೀಟ್ ಕೊಳ್ಳುವವರು ವಿರಳ. ಕೊಳ್ಳುವವರೆಲ್ಲ ಮಗುವಿನ ಮೇಲಿನ ಕಾಳಜಿಯಿಂದಲೇ ಕೊಳ್ಳುತ್ತಾರೆ. ಆ ಕಾಳಜಿ ಸರಿಯಾದ ಸೀಟಿನ ಮೇಲೆ, ಸರಿಯಾದ ಬಳಕೆಯ ಮೇಲೆ ಖರ್ಚಾಗಲಿ ಎಂಬುದು ಈ ಬರಹದ ಉದ್ದೇಶ.

‘ಹುಟ್ಟಿನಿಂದ 12 ವರ್ಷದವರೆಗೆ’ ಎಂದರೆ ಏನು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ಈ ಬರಹ. ಒಂದೇ ಸೀಟ್ ಹನ್ನೆರಡು ವರ್ಷ ಬರುತ್ತದೆ ಎಂದಾಗ ಯಾವ ಮನೆಯವರಿಗಾದರೂ ಅದು ಲಾಭದ ವ್ಯಾಪಾರವಾಗಿ ಕಾಣುವುದು ಸಹಜ. ಆದರೆ ವಯಸ್ಸು ಇಲ್ಲಿ ಅಳತೆಗೋಲೇ ಅಲ್ಲ. ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಎತ್ತರದ ವ್ಯತ್ಯಾಸ ಒಂದು ಗೇಣಿನಷ್ಟಿರಬಹುದು. ಆದ್ದರಿಂದ ಪೆಟ್ಟಿಗೆಯ ಮುಖವನ್ನು ಬಿಟ್ಟು, ಸೀಟಿನ ಬದಿಯಲ್ಲಿ ಅಥವಾ ಹಿಂಭಾಗದಲ್ಲಿ ಅಂಟಿಸಿರುವ ಪ್ರಮಾಣಪತ್ರದ ಚೀಟಿಯನ್ನು ಓದಬೇಕು.

ಆ ಚೀಟಿಯಲ್ಲಿ ಎರಡು ಪದ್ಧತಿಗಳು ಕಾಣಸಿಗುತ್ತವೆ. ಎರಡೂ ಮಕ್ಕಳ ಸೀಟುಗಳಿಗಾಗಿ ವಿಶ್ವಸಂಸ್ಥೆ ರೂಪಿಸಿದ ನಿಯಮಗಳು. ಹಳೆಯದು ಆರ್44, ಅದರ ಕೊನೆಯ ಪರಿಷ್ಕರಣೆ ಆರ್44/04. ಅದು ಮಕ್ಕಳನ್ನು ತೂಕದ ಮೇಲೆ ವಿಂಗಡಿಸುತ್ತದೆ. ಗುಂಪು 0 ಎಂದರೆ 10 ಕಿಲೋವರೆಗೆ, 0+ ಎಂದರೆ 13 ಕಿಲೋವರೆಗೆ, ಗುಂಪು 1 ಎಂದರೆ 9ರಿಂದ 18 ಕಿಲೋ, ಗುಂಪು 2 ಎಂದರೆ 15ರಿಂದ 25 ಕಿಲೋ, ಗುಂಪು 3 ಎಂದರೆ 22ರಿಂದ 36 ಕಿಲೋ. ನಮ್ಮ ದೇಶದ ಎಐಎಸ್-072 ಮಾನದಂಡವೂ ಇದೇ ಮಾದರಿಯಲ್ಲಿ ರೂಪುಗೊಂಡದ್ದು. ಹೊಸದು ಆರ್129, ಅದು ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ, ಪಕ್ಕದಿಂದ ಆಗುವ ಡಿಕ್ಕಿಯ ಪರೀಕ್ಷೆಯನ್ನು ಕಡ್ಡಾಯಗೊಳಿಸುತ್ತದೆ, ಮತ್ತು ಮಗುವಿಗೆ 15 ತಿಂಗಳು ದಾಟುವವರೆಗೆ ಹಿಮ್ಮುಖವಾಗಿಯೇ ಕೂರಿಸಬೇಕೆಂದು ವಿಧಿಸುತ್ತದೆ. ಹಿಮ್ಮುಖವೆಂದರೆ ಮಗುವಿನ ಬೆನ್ನು ಕಾರು ಸಾಗುವ ದಿಕ್ಕಿಗೆ, ಮುಖ ಕಾರಿನ ಹಿಂಗಾಜಿನ ಕಡೆಗೆ. ಆಯ್ಕೆ ಮಾಡುವ ಅವಕಾಶವಿದ್ದರೆ ಆರ್129 ಸೀಟನ್ನೇ ಆರಿಸುವುದು ಮೇಲು. ಎರಡರಲ್ಲಿ ಯಾವ ಚೀಟಿಯೂ ಇಲ್ಲದ ಸೀಟ್ ಎಷ್ಟೇ ಮೆತ್ತಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಬೇಡ.

ಇನ್ನು ಒಂದೇ ಸೀಟ್ ಎಲ್ಲ ಹಂತಗಳಿಗೂ ಸಲ್ಲುವುದು ಹೇಗೆಂದು ನೋಡೋಣ. ಅಂಥ ಸೀಟ್ ನಿಜದಲ್ಲಿ ಮೂರು ಬೇರೆ ಬೇರೆ ಸಾಧನಗಳಾಗಿ ಕೆಲಸ ಮಾಡುತ್ತದೆ. ಮೊದಲು ಅದು ಒರಗಿಕೊಂಡ ಹಿಮ್ಮುಖ ತೊಟ್ಟಿಲು; ಆಮೇಲೆ ತನ್ನದೇ ಐದು ಬಿಂದುಗಳ ಹಾರ್ನೆಸ್ ಪಟ್ಟಿಗಳಿಂದ ಮಗುವನ್ನು ಹಿಡಿದಿಡುವ ಮುಮ್ಮುಖ ಆಸನ; ಕೊನೆಗೆ ಹಾರ್ನೆಸ್ ತೆಗೆದು, ಕಾರಿನ ಸೀಟ್‌ಬೆಲ್ಟ್ ಮಗುವಿನ ಮೈಮೇಲೆ ಸರಿಯಾದ ಜಾಗದಲ್ಲಿ ಹಾಯುವಂತೆ ಎತ್ತರಿಸುವ ಬೂಸ್ಟರ್. ಮೂರನ್ನೂ ಒಂದರಲ್ಲಿ ಅಡಕ ಮಾಡುವಾಗ ಎಲ್ಲೋ ಒಂದು ಕಡೆ ರಾಜಿ ಆಗಿರುತ್ತದೆ. ಸಾಮಾನ್ಯವಾಗಿ ಆ ರಾಜಿ ಎರಡು ತುದಿಗಳಲ್ಲಿ ಕಾಣುತ್ತದೆ: ಎರಡೂವರೆ ಕಿಲೋ ತೂಕದ ನವಜಾತ ಶಿಶುವಿಗೆ ಸೀಟ್ ತೀರ ವಿಶಾಲ, ಒಂಬತ್ತು–ಹತ್ತು ವರ್ಷದ ಮಗುವಿನ ಭುಜಕ್ಕೆ ತೀರ ಇಕ್ಕಟ್ಟು.

ನನ್ನ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ. ಹಣದ ಅನುಕೂಲವಿರುವವರು ಹನ್ನೆರಡು ವರ್ಷದ ಒಂದು ಸೀಟಿಗಿಂತ ಎರಡು ಸೀಟುಗಳನ್ನು ಎರಡು ಕಾಲದಲ್ಲಿ ಕೊಳ್ಳುವುದು ಒಳ್ಳೆಯದು: ಮೊದಲನೆಯದು 40ರಿಂದ 105 ಸೆಂಟಿಮೀಟರ್ ಎತ್ತರದವರೆಗೆ ಹಿಮ್ಮುಖವಾಗಿ ಬಳಸಬಹುದಾದದ್ದು, ಎರಡನೆಯದು 100ರಿಂದ 150 ಸೆಂಟಿಮೀಟರ್‌ವರೆಗಿನ ಬೆನ್ನಿರುವ ಬೂಸ್ಟರ್. ಒಂದನ್ನೇ ಕೊಳ್ಳಬೇಕಾದವರು, ಪೆಟ್ಟಿಗೆಯ ಮೇಲಿನ ಕೊನೆಯ ಅಂಕಿಯನ್ನು ನೋಡದೆ, ಹಿಮ್ಮುಖವಾಗಿ ಎಷ್ಟು ತೂಕ ಅಥವಾ ಎತ್ತರದವರೆಗೆ ಕೂರಿಸಬಹುದು ಎಂಬ ಅಂಕಿಯನ್ನು ನೋಡಬೇಕು. ಸೀಟ್ ‘ಬೆಳೆಯುತ್ತದೆ’ ಎನ್ನುವಾಗ ಅದು ಯಾವ ಹಂತದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದೇ ಮುಖ್ಯ.

ಹಿಮ್ಮುಖದ ಹಂತವನ್ನು ಏಕೆ ಹಿಗ್ಗಿಸಬೇಕು

ಹುಟ್ಟಿದ ಮಗುವಿನ ತಲೆ ಅದರ ಮೈ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಅದು ಏಳು ಅಥವಾ ಎಂಟನೇ ಒಂದು ಭಾಗ. ಆ ಭಾರದ ತಲೆಯನ್ನು ಹೊತ್ತ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಕೆಲವು ಭಾಗ ಮೃದ್ವಸ್ಥಿಯಾಗಿಯೇ ಇರುತ್ತದೆ. ಮುಮ್ಮುಖವಾಗಿ ಕೂತ ಎಳೆಯ ಮಗುವಿನ ಮೈಯನ್ನು ಪಟ್ಟಿಗಳು ಹಿಡಿದಿಟ್ಟರೂ ಎದುರಿನ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಎಸೆಯಲ್ಪಡುತ್ತದೆ, ಆ ಸೆಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿ ಕೂತಾಗ ಅದೇ ಬಲ ತಲೆ, ಕತ್ತು, ಬೆನ್ನು ಮೂರರ ಮೇಲೂ ಹರಡಿ ಸೀಟಿನ ಬೆನ್ನಿಗೆ ಇಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ತನ್ನ ಸಲಹೆಯನ್ನು ಪರಿಷ್ಕರಿಸಿ, ಎರಡು ವರ್ಷವೆಂಬ ಗಡಿಯನ್ನು ಕೈಬಿಟ್ಟು, ಸೀಟಿನ ತೂಕ ಅಥವಾ ಎತ್ತರದ ಮಿತಿ ತುಂಬುವವರೆಗೂ ಹಿಮ್ಮುಖವಾಗಿಯೇ ಕೂರಿಸಿ ಎಂದು ಹೇಳಿದ್ದು ಈ ಕಾರಣಕ್ಕೇ.

ಮನೆಯ ಹಿರಿಯರಿಂದ ಎರಡು ಆಕ್ಷೇಪಗಳು ಬರುತ್ತವೆ. ಮಗುವಿಗೆ ಯಾರ ಮುಖವೂ ಕಾಣುವುದಿಲ್ಲ ಎಂಬುದು ಒಂದು. ಪಕ್ಕದಲ್ಲಿ ಒಬ್ಬರು ಕೂತರೆ ಅದು ಬಗೆಹರಿಯುತ್ತದೆ. ಮಗುವಿನ ಕಾಲು ಕಾರಿನ ಬೆನ್ನಾಸರೆಗೆ ತಾಗಿ ಮಡಚಿಕೊಳ್ಳುತ್ತದೆ ಎಂಬುದು ಇನ್ನೊಂದು. ಎರಡು ವರ್ಷ ದಾಟಿದ ಮಗುವಿನ ಕಾಲು ತಾಗಿಯೇ ತಾಗುತ್ತದೆ, ಮಗು ಕಾಲು ಮಡಚಿಯೋ ಚಕ್ಕಂಬಕ್ಕಳ ಹಾಕಿಯೋ ಆರಾಮವಾಗಿ ಕೂರುತ್ತದೆ. ಕಾಲು ತಾಗಿತೆಂಬುದು ಸೀಟ್ ಚಿಕ್ಕದಾಯಿತೆಂಬುದರ ಗುರುತಲ್ಲ. ಗುರುತು ತಲೆಯಲ್ಲಿದೆ: ಬಹುತೇಕ ಸೀಟುಗಳಲ್ಲಿ, ನೆತ್ತಿ ಸೀಟಿನ ಅಂಚಿಗಿಂತ ಎರಡೂವರೆ ಸೆಂಟಿಮೀಟರ್‌ನಷ್ಟು ಕೆಳಗಿರುವವರೆಗೆ ಮತ್ತು ತೂಕ ಮಿತಿಯೊಳಗಿರುವವರೆಗೆ ಹಿಮ್ಮುಖವಾಗಿಯೇ ಮುಂದುವರಿಸಬಹುದು.

ಹಿಮ್ಮುಖ ಸೀಟನ್ನು ಮುಂದಿನ ಆಸನದಲ್ಲಿ, ಚಾಲೂ ಇರುವ ಏರ್‌ಬ್ಯಾಗ್ ಎದುರು ಎಂದಿಗೂ ಇಡಕೂಡದು. ಉಬ್ಬುವ ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂದಿನ ಸೀಟಿಗೆ ಗುದ್ದುತ್ತದೆ, ಅದರಿಂದ ಸಾವೇ ಸಂಭವಿಸಬಹುದು. 2021ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಲ್ಲಿ ಚಾಲಕನ ಪಕ್ಕದ ಆಸನಕ್ಕೂ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ, ಈ ಎಚ್ಚರಿಕೆ ಈಗ ಸಣ್ಣ ಕಾರಿನವರಿಗೂ ಅನ್ವಯಿಸುತ್ತದೆ. ಮಗುವಿನ ಜಾಗ ಹಿಂದಿನ ಸಾಲು.

ಕಾರನ್ನು ಅಂಗಡಿಗೆ ಒಯ್ಯಿರಿ

ಸೀಟ್ ಒಳ್ಳೆಯದು, ಕಾರು ಒಳ್ಳೆಯದು, ಎರಡೂ ಒಂದಕ್ಕೊಂದು ಹೊಂದದು ಎಂಬ ಸ್ಥಿತಿ ಬಹಳ ಸಾಮಾನ್ಯ. ಆದ್ದರಿಂದ ಮೈಸೂರಿನ ಅಂಗಡಿಯಲ್ಲಿ ಕೊಳ್ಳುವುದಾದರೆ ಕಾರನ್ನು ತೆಗೆದುಕೊಂಡು ಹೋಗಿ, ಹಣ ಕೊಡುವ ಮುನ್ನ ಸೀಟನ್ನು ಕಾರಿನಲ್ಲಿ ಅಳವಡಿಸಿ ನೋಡಬೇಕು. ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಬಹುದು. ಮಂಡ್ಯ, ಕೆ.ಆರ್. ಪೇಟೆ, ನಾಗಮಂಗಲದಂಥ ಊರುಗಳಲ್ಲಿ ಆಯ್ಕೆ ಕಡಿಮೆಯಿರುವುದರಿಂದ ಆನ್‌ಲೈನ್‌ನಲ್ಲಿ ತರಿಸುವವರೇ ಹೆಚ್ಚು. ಅವರು ತಯಾರಕರು ಪ್ರಕಟಿಸುವ ಕಾರುಗಳ ಪಟ್ಟಿಯಲ್ಲಿ ತಮ್ಮ ಕಾರಿನ ಮಾದರಿ ಮತ್ತು ವರ್ಷ ಇದೆಯೇ ಎಂದು ನೋಡಿಕೊಂಡು, ಹಿಂತಿರುಗಿಸುವ ಅವಧಿಯೊಳಗೇ ಅಳವಡಿಸಿ ಪರೀಕ್ಷಿಸಬೇಕು. ಮಗು ಹುಟ್ಟುವ ತಿಂಗಳಿಗೆ ತರಿಸಿ ಬಾಣಂತನ ಮುಗಿಯುವವರೆಗೆ ಪೆಟ್ಟಿಗೆ ಬಿಚ್ಚದೆ ಇಟ್ಟರೆ ಆ ಅವಧಿ ಮುಗಿದಿರುತ್ತದೆ.

ಅಳವಡಿಸಲು ಎರಡು ದಾರಿಗಳಿವೆ. ಐಸೋಫಿಕ್ಸ್ ಎಂದರೆ ಕಾರಿನ ಹಿಂದಿನ ಆಸನದ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ, 28 ಸೆಂಟಿಮೀಟರ್ ಅಂತರದಲ್ಲಿರುವ ಎರಡು ಉಕ್ಕಿನ ಕೊಂಡಿಗಳು. ಸೀಟಿನ ಎರಡು ತೋಳುಗಳು ಅವಕ್ಕೆ ಕಚ್ಚಿಕೊಂಡು ಕ್ಲಿಕ್ ಎನ್ನುತ್ತವೆ, ಹೆಚ್ಚಿನವುಗಳಲ್ಲಿ ಹಸಿರು ಗುರುತು ಕಾಣುತ್ತದೆ. ಕಾರಿನಲ್ಲಿ ಅದು ಇದೆಯೇ ಎಂದು ತಿಳಿಯಲು ಆ ಸಂದಿಯಲ್ಲಿ ಬೆರಳಾಡಿಸಿದರೆ ಸಾಕು. ಬಹುತೇಕ ಕಾರುಗಳಲ್ಲಿ ಅದು ಕಿಟಕಿ ಪಕ್ಕದ ಎರಡು ಜಾಗಗಳಿಗೆ ಮಾತ್ರ ಇರುತ್ತದೆ. ಏಳು ಆಸನದ ಕಾರುಗಳ ಮೂರನೇ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಐಸೋಫಿಕ್ಸ್ ಜೊತೆಗೆ, ಸೀಟ್ ಮುಂದಕ್ಕೆ ಮುಗ್ಗರಿಸದಂತೆ ತಡೆಯುವ ಮೂರನೆಯ ಆಧಾರವೊಂದು ಬೇಕು. ಕೆಲವು ಸೀಟುಗಳಲ್ಲಿ ಅದು ಕಾರಿನ ನೆಲಕ್ಕೆ ಊರುವ ಕಾಲು, ಕೆಲವುಗಳಲ್ಲಿ ಸೀಟಿನ ತಲೆಯ ಹಿಂದಿನಿಂದ ಹೋಗುವ ಟಾಪ್ ಟೆಥರ್ ಪಟ್ಟಿ. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಟೆಥರ್ ಕೊಂಡಿ ಹೆಚ್ಚಾಗಿ ಆಸನದ ಬೆನ್ನಿನ ಹಿಂಬದಿಯಲ್ಲಿ, ಸೆಡಾನ್‌ಗಳಲ್ಲಿ ಹಿಂಗಾಜಿನ ಕೆಳಗಿನ ಹಲಗೆಯಲ್ಲಿ ಇರುತ್ತದೆ. ಸಾಮಾನು ಕಟ್ಟುವ ಕೊಕ್ಕೆಯನ್ನೇ ಟೆಥರ್ ಕೊಂಡಿಯೆಂದು ತಿಳಿದು ಬಿಗಿಯುವ ತಪ್ಪು ಸುಲಭವಾಗಿ ಆಗಿಬಿಡುತ್ತದೆ, ಕಾರಿನ ಕೈಪಿಡಿಯಲ್ಲಿ ಚಿತ್ರ ನೋಡಿಯೇ ಹಾಕಬೇಕು.

ಐಸೋಫಿಕ್ಸ್‌ಗೂ ತೂಕದ ಮಿತಿಯಿದೆ ಎಂಬುದನ್ನು ಅಂಗಡಿಯವರು ಹೇಳುವುದು ಅಪರೂಪ. ಮಗು ಮತ್ತು ಸೀಟ್ ಸೇರಿ 33 ಕಿಲೋ ಎಂಬುದು ಐ-ಸೈಜ್ ಸೀಟುಗಳ, ಅಂದರೆ ಆರ್129 ಪದ್ಧತಿಯ ಐಸೋಫಿಕ್ಸ್ ಸೀಟುಗಳ, ಲೆಕ್ಕ. ತಿರುಗುವ ಬಗೆಯ ಸೀಟುಗಳು ತಾವೇ 12ರಿಂದ 15 ಕಿಲೋ ತೂಗುವುದರಿಂದ, ಅದರ ಹಾರ್ನೆಸ್‌ನಲ್ಲಿ ಕೂರಬಲ್ಲ ಮಗುವಿನ ತೂಕ ಹದಿನೆಂಟು–ಇಪ್ಪತ್ತು ಕಿಲೋಗೆ ಮುಗಿಯುತ್ತದೆ.

ಇನ್ನೊಂದು ದಾರಿ, ಕಾರಿನ ಸೀಟ್‌ಬೆಲ್ಟನ್ನೇ ಸೀಟಿನ ಮೂಲಕ ಹಾಯಿಸಿ ಬಿಗಿಯುವುದು. ಸರಿಯಾಗಿ ಬಿಗಿದರೆ ಇದೂ ಭದ್ರವೇ, ಆದರೆ ತಪ್ಪಿಗೆ ಎಡೆ ಹೆಚ್ಚು. ಹಿಮ್ಮುಖ ಸೀಟಿಗೆ ಬೆಲ್ಟ್ ಸುತ್ತಿ ಬರುವಷ್ಟು ಉದ್ದವಿದೆಯೇ, ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಒತ್ತಿ ಬಾಗುತ್ತಿಲ್ಲವೇ ಎಂದು ನೋಡಬೇಕು. ಹಳೆಯ ಕಾರುಗಳ ಹಿಂದಿನ ಸಾಲಿನ ಮಧ್ಯದಲ್ಲಿ ಸೊಂಟಕ್ಕೆ ಮಾತ್ರ ಬೆಲ್ಟ್ ಇರುತ್ತದೆ. ಮೂರು ಬಿಂದುಗಳ ಬೆಲ್ಟ್ ಬೇಡುವ ಸೀಟನ್ನು ಅಲ್ಲಿ ಹಾಕಲಾಗದು. ತವರಿಗೆ ಒಂದು ಕಾರು, ಮನೆಗೆ ಇನ್ನೊಂದು, ನಡುವೆ ಟ್ಯಾಕ್ಸಿ ಎಂಬಂತಿರುವ ಕುಟುಂಬಗಳು ಎರಡೂ ರೀತಿಯಲ್ಲಿ ಅಳವಡಿಸಬಹುದಾದ, ಒಬ್ಬರೇ ಎತ್ತಬಲ್ಲಷ್ಟು ಹಗುರವಾದ ಸೀಟನ್ನು ಆರಿಸಿದರೆ ಹೆಚ್ಚು ಬಳಕೆಗೆ ಬರುತ್ತದೆ.

ಯಾವ ದಾರಿಯಾದರೂ ಪರೀಕ್ಷೆ ಒಂದೇ: ಬೆಲ್ಟ್ ಅಥವಾ ಐಸೋಫಿಕ್ಸ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿದಾಗ ಅದು ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಅತ್ತಿತ್ತ ಸರಿಯಬಾರದು. ಜೊತೆಗೆ, ಸಣ್ಣ ಕಾರಿನಲ್ಲಿ ಹಿಮ್ಮುಖ ಸೀಟ್ ಇಟ್ಟ ಮೇಲೆ ಮುಂದೆ ಕೂರುವವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ ಎಂದೂ ಅಲ್ಲೇ ಕೂತು ನೋಡಿ. ಮುಂದಿನವರಿಗೆ ತೊಂದರೆಯಾದರೆ, ವಾರದೊಳಗೆ ಸೀಟ್ ಮುಮ್ಮುಖವಾಗಿ ತಿರುಗಿಬಿಡುತ್ತದೆ.

ಹೊಸ ಕಾರನ್ನೇ ಕೊಳ್ಳುವ ಯೋಚನೆಯಿದ್ದವರಿಗೆ ಕಾರುಗಳ ಸುರಕ್ಷತೆಯನ್ನು ಅಳೆದು ನಕ್ಷತ್ರಗಳನ್ನು ಕೊಡುವ, 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಫಲಿತಾಂಶ ನೆರವಾಗುತ್ತದೆ. ಮಕ್ಕಳ ರಕ್ಷಣೆಗೆ ಅಲ್ಲಿ 49 ಅಂಕ. 18 ತಿಂಗಳ ಮತ್ತು 3 ವರ್ಷದ ಮಕ್ಕಳ ಗಾತ್ರದ ಗೊಂಬೆಗಳನ್ನು ಕೂರಿಸಿ ನಡೆಸುವ ಡಿಕ್ಕಿ ಪರೀಕ್ಷೆಗೆ 24, ಸೀಟ್ ಅಳವಡಿಕೆಗೆ 12, ಕಾರಿನ ಸೌಲಭ್ಯಗಳಿಗೆ 13. ನಕ್ಷತ್ರಗಳನ್ನು ಮಾತ್ರ ನೋಡದೆ ಅಳವಡಿಕೆಯ ಅಂಕವನ್ನೂ ನೋಡಬೇಕು.

ಮೊದಲ ತಿಂಗಳುಗಳು

ನಮ್ಮಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳು ಸಾಕಷ್ಟಿದ್ದಾರೆ. ಅಂಥ ಮಗುವಿಗೆ ಹಾರ್ನೆಸ್‌ನ ಅತಿ ಕೆಳಗಿನ ಎತ್ತರ ಎಷ್ಟು ಎಂಬುದೇ ನಿರ್ಣಾಯಕ. ಹಿಮ್ಮುಖ ಹಂತದಲ್ಲಿ ಪಟ್ಟಿಗಳು ಮಗುವಿನ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಕೆಳಗಿನಿಂದ ಹೊರಬರಬೇಕು. ಕಿವಿಯ ಹತ್ತಿರದಿಂದ ಬರುತ್ತಿದ್ದರೆ ಆ ಸೀಟ್ ಆ ಮಗುವಿಗೆ ಇನ್ನೂ ದೊಡ್ಡದು. ಸೀಟಿನ ಜೊತೆ ಬರುವ ನವಜಾತ ಶಿಶುವಿನ ದಿಂಬನ್ನು ಬಳಸಿ, ಬೇರೆಡೆ ಕೊಂಡ ಅಥವಾ ಮನೆಯಲ್ಲಿ ಹೊಲಿದ ದಿಂಬನ್ನು ಸೇರಿಸಬೇಡಿ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಕುಲಾವಿ ಕಟ್ಟಿ, ಮೇಲೊಂದು ಉಣ್ಣೆ ಶಾಲು ಹೊದಿಸಿ ಕರೆತರುವುದು ಬಾಣಂತಿ ಮನೆಯ ರೂಢಿ. ಆ ದಪ್ಪದ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದಂತೆ ತೋರುತ್ತದೆ, ಡಿಕ್ಕಿಯ ಹೊತ್ತಿನಲ್ಲಿ ಬಟ್ಟೆ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ತೆಳುವಾದ ಅಂಗಿ ತೊಡಿಸಿ, ಪಟ್ಟಿ ಬಿಗಿದು, ಶಾಲನ್ನು ಪಟ್ಟಿಯ ಮೇಲಿಂದ ಹೊದಿಸಬೇಕು. ಕೊರಳ ಸರ, ದಪ್ಪನೆಯ ಬೆಳ್ಳಿ ಉಡಿದಾರ ಇದ್ದರೆ ಪ್ರಯಾಣದ ಹೊತ್ತಿಗೆ ತೆಗೆದಿಡುವುದು ಒಳ್ಳೆಯದು. ಪಟ್ಟಿಯ ಕೆಳಗೆ ಅವು ಮೈಗೆ ಒತ್ತುತ್ತವೆ. ಬಿಗಿ ಸರಿಯಿದೆಯೇ ಎಂದು ತಿಳಿಯಲು, ಮಗುವಿನ ಭುಜದ ಮುಂಭಾಗದ ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿ; ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಇನ್ನೂ ಬಿಗಿಯಬೇಕು.

ಎಳೆಯ ಶಿಶುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದರೆ ಉಸಿರಿನ ದಾರಿ ಕಟ್ಟಬಹುದು. ಆದ್ದರಿಂದ ಸೀಟಿನ ಒರಗು ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಗಮನಿಸುತ್ತಿರಬೇಕು, ಮತ್ತು ದೀರ್ಘ ಪ್ರಯಾಣವನ್ನು ತುಂಡು ಮಾಡಬೇಕು. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸುವುದು ಅಪಾಯ. ಮಂಡ್ಯ ಅಥವಾ ಮದ್ದೂರಿನ ಹತ್ತಿರ ಕೆಳಗಿಳಿದು, ಮಗುವನ್ನು ಸೀಟಿನಿಂದ ಎತ್ತಿ, ಹಾಲು ಕುಡಿಸಿ, ಬೆನ್ನು ಚಾಚಿ ಮಲಗಿಸಿ ಮತ್ತೆ ಹೊರಡಬೇಕು. ಮಗು ಅತ್ತಿತೆಂದು ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಮಡಿಲಿಗೆ ತೆಗೆದುಕೊಳ್ಳುವುದಕ್ಕಿಂತ ಹತ್ತು ನಿಮಿಷ ತಡವಾಗುವುದು ಮೇಲು. ಮನೆ ತಲುಪಿದ ಮೇಲೆ ನಿದ್ದೆ ಕೆಡುವುದೆಂದು ಮಗುವನ್ನು ಸೀಟಿನಲ್ಲೇ ಮಲಗಲು ಬಿಡಬಾರದು.

ಸೀಟ್ ತಾನಾಗಿ ಬೆಳೆಯುವುದಿಲ್ಲ

ಹಾರ್ನೆಸ್ ಮತ್ತು ತಲೆಯಾಸರೆಯನ್ನು ಏರಿಸುವವರು ನಾವೇ. ಮಗು ಪ್ರತಿದಿನ ಕಣ್ಣೆದುರೇ ಇರುವುದರಿಂದ ಅದು ಬೆಳೆದದ್ದು ಗೊತ್ತಾಗುವುದಿಲ್ಲ, ಪಟ್ಟಿ ಆರು ತಿಂಗಳ ಹಿಂದಿನ ಎತ್ತರದಲ್ಲೇ ಉಳಿದಿರುತ್ತದೆ. ಇದಕ್ಕೊಂದು ಸುಲಭ ದಾರಿ, ತಾಯಿ ಕಾರ್ಡಿನಲ್ಲಿರುವ ಲಸಿಕೆಯ ದಿನಗಳು. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಆಮೇಲೆ ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳ ನಡುವೆ ಮಗುವಿನ ತೂಕ ಹೇಗೂ ನೋಡುತ್ತಾರೆ. ಆ ದಿನ ಕಾರಿಗೆ ಹತ್ತಿಸುವಾಗ ಪಟ್ಟಿಯ ಎತ್ತರವನ್ನೂ ನೋಡಿಬಿಡಿ. ನಡುವಿನ ದೀರ್ಘ ಅಂತರದಲ್ಲಿ ಎರಡು ತಿಂಗಳಿಗೊಮ್ಮೆ, ಎರಡು ವರ್ಷದ ನಂತರ ಯುಗಾದಿಗೂ ದಸರೆಗೂ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿದರೆ ಸಾಕು. ಮುಮ್ಮುಖಕ್ಕೆ ತಿರುಗಿಸಿದ ಮೇಲೆ ನಿಯಮ ಬದಲಾಗುತ್ತದೆ: ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರಬೇಕು.

ಹಾರ್ನೆಸ್‌ನ ಮಿತಿ ತುಂಬಿದ ಮೇಲೆಯೇ ಬೂಸ್ಟರ್. ಶಾಲೆಗೆ ಸೇರಿದ ಮಗುವಿಗೆ ‘ಇನ್ನು ದೊಡ್ಡವನಾದ’ ಎಂದು ಸೀಟ್ ತೆಗೆದುಬಿಡುವ ಮನೆಗಳು ಬಹಳ, ನನಗೆ ಅತಿ ಹೆಚ್ಚು ಕಳವಳ ತರುವುದು ಈ ಹಂತವೇ. ನಾಲ್ಕು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 103 ಸೆಂಟಿಮೀಟರ್. ಕಾರಿನ ಬೆಲ್ಟ್ ರೂಪಿಸಿರುವುದು ದೊಡ್ಡವರ ಮೈಗೆ. ಬೂಸ್ಟರ್ ಇಲ್ಲದಿದ್ದರೆ ಸೊಂಟದ ಪಟ್ಟಿ ಮೂಳೆಯ ಮೇಲೆ ಕೂರದೆ ಹೊಟ್ಟೆಯ ಮೇಲೇರುತ್ತದೆ, ಭುಜದ ಪಟ್ಟಿ ಕತ್ತಿಗೆ ಉಜ್ಜುತ್ತದೆ, ಮಗು ಅದನ್ನು ಕಂಕುಳ ಕೆಳಗೆ ಸೇರಿಸಿಕೊಳ್ಳುತ್ತದೆ. ಡಿಕ್ಕಿಯಾದರೆ ಆ ಬೆಲ್ಟೇ ಕರುಳು, ಯಕೃತ್ತಿಗೆ ಗಾಯ ಮಾಡಬಲ್ಲದು. ಬರೀ ಕೂರುವ ದಿಂಬಿನ ಬೂಸ್ಟರ್‌ಗಿಂತ ಬೆನ್ನಿರುವುದು ಉತ್ತಮ. ಪಕ್ಕದ ಡಿಕ್ಕಿಯಲ್ಲಿ ತಲೆಗೆ ಆಸರೆ ಸಿಗುತ್ತದೆ, ನಿದ್ದೆಗೆ ಜಾರಿದ ಮಗು ಬೆಲ್ಟಿನಿಂದ ಹೊರಕ್ಕೆ ವಾಲುವುದಿಲ್ಲ.

ಬೂಸ್ಟರ್ ಬಿಡುವ ಸಮಯವನ್ನೂ ವಯಸ್ಸಿನಿಂದ ನಿರ್ಧರಿಸಬಾರದು. ಬೆನ್ನನ್ನು ಆಸನಕ್ಕೆ ಪೂರ್ತಿ ಒತ್ತಿ ಕೂತಾಗ ಮಂಡಿ ಆಸನದ ಅಂಚಿನಲ್ಲಿ ಮಡಚಬೇಕು, ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ ನಿಲ್ಲಬೇಕು, ಭುಜದ ಪಟ್ಟಿ ಭುಜದ ನಡುವೆ ಹಾಯಬೇಕು, ಇಡೀ ಪ್ರಯಾಣ ಮಗು ಹಾಗೆಯೇ ಕೂರಬೇಕು. ಸಾಮಾನ್ಯವಾಗಿ ಇದು 145 ಸೆಂಟಿಮೀಟರ್ ಎತ್ತರದ ಸುತ್ತಮುತ್ತ ಸಾಧ್ಯವಾಗುತ್ತದೆ. ಅಷ್ಟರಲ್ಲಿ ಕೆಲವು ಮಕ್ಕಳಿಗೆ ಹನ್ನೊಂದೋ ಹನ್ನೆರಡೋ ವರ್ಷ ದಾಟಿರುತ್ತದೆ.

ನಿರ್ವಹಣೆ ಮತ್ತು ಹಳೆಯ ಸೀಟ್

ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಕಲ್ ಕೈ ಸುಡುವಷ್ಟು ಕಾಯುತ್ತದೆ. ಸೀಟಿನ ಮೇಲೆ ಬಿಳಿ ಬಟ್ಟೆ ಮುಚ್ಚಿಡಿ, ಕೂರಿಸುವ ಮುನ್ನ ಬಕಲನ್ನು ಮುಟ್ಟಿ ನೋಡಿ. ಹೊರಗಿನ ಬಟ್ಟೆಯನ್ನು ಕೈಪಿಡಿಯಂತೆ ಒಗೆಯಬಹುದು, ಪಟ್ಟಿಗಳನ್ನು ಮಾತ್ರ ಸೋಪಿನ ಪುಡಿಯಲ್ಲಿ ನೆನೆಸಬಾರದು, ಅದರಿಂದ ನೂಲು ಬಲಗುಂದುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕೋಡುಬಳೆ, ಬಿಸ್ಕತ್ತಿನ ಪುಡಿ ಬಕಲಿನೊಳಗೆ ಸೇರಿ ಕ್ಲಿಕ್ ಎನ್ನದೆ ಅರ್ಧಕ್ಕೆ ನಿಲ್ಲುವುದುಂಟು, ಆಗಾಗ ತಲೆಕೆಳಗು ಮಾಡಿ ಕೊಡವಬೇಕು.

ಅಣ್ಣನ ಮಗುವಿನ ಸೀಟ್ ತಮ್ಮನ ಮಗುವಿಗೆ ಬರುವುದು ನಮ್ಮ ಮನೆಗಳಲ್ಲಿ ಸಹಜ, ಅದರಲ್ಲಿ ತಪ್ಪಿಲ್ಲ. ಆ ಸೀಟ್ ಡಿಕ್ಕಿಗೆ ಸಿಕ್ಕಿಲ್ಲವೆಂದು ಕೊಡುವವರು ಖಚಿತವಾಗಿ ಹೇಳುವಂತಿರಬೇಕು, ಕೈಪಿಡಿ ಮತ್ತು ಎಲ್ಲ ಬಿಡಿಭಾಗಗಳು ಜೊತೆಗಿರಬೇಕು, ಪ್ಲಾಸ್ಟಿಕ್ ಚಿಪ್ಪಿನಲ್ಲಿ ಅಚ್ಚೊತ್ತಿದ ತಯಾರಿಕೆಯ ದಿನಾಂಕದಿಂದ ತಯಾರಕರು ಹೇಳಿದ ಅವಧಿ, ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ, ಮೀರಿರಬಾರದು. ಹನ್ನೆರಡು ವರ್ಷದವರೆಗೆ ಎಂದು ಬರೆದ ಸೀಟಿಗೇ ಕೆಲವೊಮ್ಮೆ ಬಾಳಿಕೆಯ ಅವಧಿ ಹತ್ತೇ ವರ್ಷವಿರುತ್ತದೆ. ಕೊಳ್ಳುವ ದಿನವೇ ಆ ಅಂಕಿಯನ್ನು ಹುಡುಕಿ ಓದಿ. ಅಪರಿಚಿತರಿಂದ ಹಳೆಯ ಸೀಟ್ ಕೊಳ್ಳುವುದು ಬೇಡವೇ ಬೇಡ. ಅವಧಿ ಮೀರಿದ ಅಥವಾ ಅಪಘಾತಕ್ಕೆ ಸಿಕ್ಕ ಸೀಟನ್ನು ಗುಜರಿಗೆ ಕೊಡುವ ಮುನ್ನ ಹಾರ್ನೆಸ್ ಪಟ್ಟಿಗಳನ್ನು ಕತ್ತರಿಸಿ, ಚಿಪ್ಪಿನ ಮೇಲೆ ‘ಬಳಸಬಾರದು’ ಎಂದು ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ. ಇಲ್ಲವಾದರೆ ಅದು ಒರೆಸಿ ಹೊಳಪು ಮಾಡಿದ ಸ್ಥಿತಿಯಲ್ಲಿ ಮತ್ತೊಬ್ಬರ ಕಾರಿಗೆ ಸೇರಿಬಿಡುತ್ತದೆ.